ಯಂತ್ರದ ನೆನಪು, ಮನುಷ್ಯನ ಅವಸರ

ಹಸ್ತಪ್ರತಿಗಳೊಡನೆ ಬಾಳಿದವರಿಗೆ ಲಿಪಿಕಾರನ ತಪ್ಪುಗಳ ಪರಿಚಯ ಚೆನ್ನಾಗಿರುತ್ತದೆ. ಅವಸರದಲ್ಲಿ ಓಲೆಗರಿಯನ್ನು ಪ್ರತಿ ಮಾಡುವವನು ಅಕ್ಷರವೊಂದನ್ನು ಬಿಡುತ್ತಾನೆ, ಸಾಲೊಂದನ್ನು ನುಂಗುತ್ತಾನೆ, ಪಕಾರವನ್ನು ವಕಾರವಾಗಿಸುತ್ತಾನೆ. ಪ್ರತಿ ಮಾತ್ರ ನೋಡಲು ಅಂದವಾಗಿಯೇ ಇರುತ್ತದೆ, ಅಪಾಯವಿರುವುದು ಅಲ್ಲಿಯೇ. ವರ್ಷಗಟ್ಟಲೆ ಗ್ರಂಥಸಂಪಾದನೆಯ ಪಾಠ ಹೇಳಿ ನಿವೃತ್ತನಾದ ನನಗೆ, ನನ್ನ ಮೇಜಿನ ಮೇಲಿನ ಕಂಪ್ಯೂಟರೇ ಅಂಥ ಲಿಪಿಕಾರನಾದೀತೆಂಬ ಕಲ್ಪನೆ ಇರಲಿಲ್ಲ.

ಬೈಲಹೊಂಗಲದ ಮನೆಯಲ್ಲಿ ಕುಳಿತು ನಾನು ಹಳೆಯ ಸಂಪಗಾಂವ ಸೀಮೆಯ ಒಕ್ಕಲುತನದ ಪದಗಳನ್ನು ಕೂಡಿಹಾಕುತ್ತಿದ್ದೇನೆ. ಕಿತ್ತೂರಿನ ಕಡೆಯ ಭತ್ತದ ಗದ್ದೆ, ಸವದತ್ತಿಯ ಎರಿಹೊಲ, ರಾಮದುರ್ಗದ ನೇಕಾರರ ಓಣಿ, ಇಲ್ಲೆಲ್ಲ ಅಲೆದು ಬರೆದುಕೊಂಡ ಮಾತುಗಳು ಅವು. ಹೇಳಿದ ಹಿರಿಯರಲ್ಲಿ ಹಲವರು ಇಂದು ಇಲ್ಲ. ಹೋದ ಬೇಸಿಗೆಯಲ್ಲಿ ಮನೆಗೆ ಬಂದ ನನ್ನ ತಂಗಿಯ ಮಗ ಯಂತ್ರವನ್ನು ಬಿಚ್ಚಿ ನೋಡಿ, "ಮಾಮಾ, ರ‍್ಯಾಮ್ ಮ್ಯಾಲ 3600 ಅಂತ ಬರದೈತಿ, ನಿಮ್ಮ ಮಶಿನ್ ಬರೇ 2133ಕ್ಕ ಓಡಾಕತ್ತೈತಿ. ರೊಕ್ಕ ಕೊಟ್ಟದ್ದು ಪೂರಾ ತಗೋಬ್ಯಾಡೇನ್ರಿ?" ಎಂದ. ಕೊಟ್ಟ ರೊಕ್ಕದ ಮಾತು ಬಂದಾಗ ಬೇಡವೆನ್ನುವುದು ಕಷ್ಟ. ಅವನು 3600ಕ್ಕೆ ನಿಲ್ಲದೆ 3800ಕ್ಕೆ ಏರಿಸಿ, ಯಂತ್ರ ಹೊತ್ತಿಕೊಂಡದ್ದನ್ನು ತೋರಿಸಿ, ಊರಿಗೆ ಹೋದ.

ಒಂದು ವಾರ ಎಲ್ಲವೂ ಸರಿಯಿತ್ತು. ಆಮೇಲೆ ಒಮ್ಮೆ ಪರದೆ ನೀಲಿಯಾಗಿ ಯಂತ್ರ ತಾನಾಗಿ ಮರುಪ್ರಾರಂಭವಾಯಿತು. ನಾನು ಕರೆಂಟನ್ನು ಬೈದೆ. ಬರೆಯುತ್ತಿದ್ದಂತೆ ತಂತ್ರಾಂಶ ಮುಚ್ಚಿಕೊಂಡಿತು. ಕನ್ನಡ ಕೀಲಿಮಣೆಯನ್ನು ಶಂಕಿಸಿದೆ, ವೈರಸ್ ಇರಬಹುದೆಂದುಕೊಂಡೆ. ಕೊನೆಗೊಂದು ಬೆಳಗ್ಗೆ ಪದಕೋಶದ ಕಡತವೇ ತೆರೆಯಲಿಲ್ಲ. ಪೆನ್‌ಡ್ರೈವಿನಲ್ಲಿದ್ದ ಪ್ರತಿ ಹನ್ನೆರಡು ದಿನ ಹಳೆಯದು. ಆ ಹನ್ನೆರಡು ದಿನಗಳ ಬರಹ ಹೋಯಿತು.

ಈ ನೆನಪು ಎಂಬ ಭಾಗ ಕೆಲಸ ಮಾಡುವ ಬಗೆಯನ್ನು ತುಸು ತಿಳಿದರೆ ಮುಂದಿನ ಮಾತು ಸುಲಭವಾಗುತ್ತದೆ. ನಾವು ಉಳಿಸಿಡುವ ಬರಹ ಡಿಸ್ಕಿನಲ್ಲಿರುತ್ತದೆ. ತೆರೆದು ತಿದ್ದುವಾಗ ಅದು ರ‍್ಯಾಮ್ ಎಂಬ ತಾತ್ಕಾಲಿಕ ನೆನಪಿಗೆ ಬರುತ್ತದೆ. ಐಬಿಎಂ ಸಂಸ್ಥೆಯ ರಾಬರ್ಟ್ ಡೆನಾರ್ಡ್ ಅವರಿಗೆ 1968ರಲ್ಲಿ ಪೇಟೆಂಟ್ ದೊರೆತ ವಿಧಾನವೇ ಇಂದಿಗೂ ಇದರ ತಳಹದಿ. ಒಂದೊಂದು ಸೊನ್ನೆ, ಒಂದೊಂದು ಒಂದು, ಅತಿ ಸಣ್ಣ ಕೋಶದಲ್ಲಿ ತುಂಬಿಟ್ಟ ವಿದ್ಯುತ್ತಿನ ಇರುವಿಕೆ ಅಥವಾ ಇಲ್ಲದಿರುವಿಕೆ. ಆ ಕೋಶ ಸೋರುವ ಕೊಡದಂತಹದು. ಆದುದರಿಂದ ಸಾಮಾನ್ಯವಾಗಿ ಪ್ರತಿ 64 ಮಿಲಿಸೆಕೆಂಡಿಗೊಮ್ಮೆ ಇಡೀ ನೆನಪನ್ನು ಓದಿ ಮತ್ತೆ ತುಂಬಬೇಕಾಗುತ್ತದೆ. ಮಗ್ಗಿಯನ್ನು ಮರೆಯಬಾರದೆಂದು ಹುಡುಗ ಮತ್ತೆ ಮತ್ತೆ ಒಪ್ಪಿಸುವಂತೆ, ಯಂತ್ರವೂ ಸೆಕೆಂಡಿಗೆ ಹದಿನೈದು ಸಲ ತನ್ನ ಪಾಠವನ್ನು ಒಪ್ಪಿಸುತ್ತಿರುತ್ತದೆ.

3600 ಎಂದರೆ ಒಂದೊಂದು ತಂತಿಯ ಮೇಲೆ ಸೆಕೆಂಡಿಗೆ 360 ಕೋಟಿ ಸಲ ಮಾಹಿತಿ ಸಾಗುವ ವೇಗ. ಇದನ್ನು ಮಗ್ಗದ ಲೆಕ್ಕದಲ್ಲಿ ನೋಡಬಹುದು. ಹಾಸಿನ ಎಳೆಗಳು ಬಾಯಿ ತೆರೆದಿರುವಷ್ಟು ಹೊತ್ತಿನಲ್ಲಿ ಲಾಳಿ ಈ ಬದಿಯಿಂದ ಆ ಬದಿಗೆ ದಾಟಬೇಕು. ಮಗ್ಗದ ವೇಗವನ್ನು ಹೆಚ್ಚಿಸುತ್ತ ಹೋದರೆ ಬಾಯಿ ತೆರೆದಿರುವ ಹೊತ್ತು ಕಡಿಮೆಯಾಗುತ್ತದೆ. ಒಂದು ಮಿತಿಯಾಚೆ ಲಾಳಿ ದಾಟುವ ಮೊದಲೇ ಬಾಯಿ ಮುಚ್ಚಿ ಎಳೆ ಹರಿಯುತ್ತದೆ. ಹತ್ತು ಸಾವಿರ ಸಲಕ್ಕೊಮ್ಮೆ ಹರಿದರೆ ನೇಕಾರನಿಗೆ ತಕ್ಷಣ ಕಾಣದೆಯೂ ಹೋದೀತು; ಬಟ್ಟೆಯಲ್ಲಿ ಕುಂದು ಮಾತ್ರ ಉಳಿಯುತ್ತದೆ. ನಿಗದಿತ ವೇಗವನ್ನು ಮೀರಿ ನೆನಪನ್ನು ಓಡಿಸುವುದಕ್ಕೆ ಓವರ್‌ಕ್ಲಾಕಿಂಗ್ ಎಂದು ಹೆಸರು.

ಆ ಕುಂದು ಎಷ್ಟು ಸಣ್ಣದಿರಬಹುದು? ಯೂನಿಕೋಡ್ ಪದ್ಧತಿಯಲ್ಲಿ ಕನ್ನಡದ 'ಕ' ಅಕ್ಷರದ ಸಂಖ್ಯೆ 3221, 'ಗ' ಅಕ್ಷರದ್ದು 3223. ಸೊನ್ನೆ-ಒಂದುಗಳಲ್ಲಿ ಬರೆದರೆ ಇವೆರಡರ ನಡುವಿನ ಭೇದ ಒಂದೇ ಸ್ಥಾನದ್ದು. ಅಲ್ಲಿಯ ಸೊನ್ನೆ ಒಂದಾದರೆ ಬಳ್ಳಿಯ 'ಕುಡಿ' ದೇವರ 'ಗುಡಿ'ಯಾಗುತ್ತದೆ. ಕಾಗುಣಿತ ಪರೀಕ್ಷಕಕ್ಕೂ ಇದು ಸಿಗದು, ಏಕೆಂದರೆ ಎರಡೂ ಶುದ್ಧ ಕನ್ನಡ ಪದಗಳೇ. ಬಹುಪಾಲು ಇಂಥ ದೋಷ ಯಂತ್ರ ನಿಲ್ಲುವುದರಲ್ಲಿಯೇ ಕೊನೆಗೊಳ್ಳುತ್ತದೆ. ನಿಲ್ಲದೆ ಮುಂದುವರಿದಾಗಲೇ ಹೆಚ್ಚಿನ ಕೇಡು.

ಬೆಲ್ಜಿಯಂ ದೇಶದ ಸ್ಕಾರ್‌ಬೇಕ್ ಎಂಬಲ್ಲಿ 2003ರ ಮೇ 18ರ ಚುನಾವಣೆಯಲ್ಲಿ ಒಬ್ಬ ಅಭ್ಯರ್ಥಿಗೆ 4096 ಮತಗಳು ಹೆಚ್ಚಾಗಿ ದಾಖಲಾದವು. ಬರಲು ಸಾಧ್ಯವೇ ಇಲ್ಲದಷ್ಟು ಮತಗಳೆಂದು ಅದು ಪತ್ತೆಯಾಯಿತು. ಎರಡನ್ನು ಎರಡರಿಂದ ಗುಣಿಸುತ್ತ ಹನ್ನೆರಡನೆಯ ಘಾತಕ್ಕೆ ಹೋದರೆ ಬರುವ ಸಂಖ್ಯೆಯೇ 4096. ಎಂದರೆ ನೆನಪಿನ ಒಂದೇ ಸ್ಥಾನ ತಿರುಗಿಬಿದ್ದ ಗುರುತು. ಅದಕ್ಕೆ ಅಂತರಿಕ್ಷದ ಕಿರಣ ಕಾರಣವಿರಬಹುದೆಂದು ತಜ್ಞರು ಊಹಿಸಿದರು. ಸಾಧಾರಣ ವೇಗದಲ್ಲಿಯೂ ಅಪರೂಪಕ್ಕೆ ತಪ್ಪಬಲ್ಲ ನೆನಪನ್ನು ನಾವೇ ಅಂಚಿಗೆ ತಳ್ಳಿದರೆ ತಪ್ಪು ಅಪರೂಪವಾಗಿ ಉಳಿಯದು.

ಇನ್ನು ಪರಿಹಾರದ ಮಾತು. ಇದರ ಕ್ರಮ ಗ್ರಂಥಸಂಪಾದಕನ ಕ್ರಮವೇ ಆಗಿದೆ: ಮೊದಲು ಮೂಲಕ್ಕೆ ಹೋಗುವುದು, ಆಮೇಲೆ ಒಂದು ಬಾರಿಗೆ ಒಂದನ್ನೇ ಬದಲಿಸಿ ನೋಡುವುದು. ವೇಗ ಏರಿಸಿದ ಮೇಲೆ ಪರದೆಯೇ ಹೊತ್ತಿಕೊಳ್ಳದಿದ್ದರೆ ಗಾಬರಿ ಬೇಡ. ಹೊಸ ಡಿಡಿಆರ್5 ಯಂತ್ರಗಳು ಮೊದಲ ಸಲ ನೆನಪನ್ನು ಹೊಂದಿಸಿಕೊಳ್ಳಲು ಹಲವು ನಿಮಿಷ ತೆಗೆದುಕೊಳ್ಳುತ್ತವೆ. ಆಗಲೂ ಬಾರದಿದ್ದರೆ ವಿದ್ಯುತ್ ತಂತಿಯನ್ನು ಕಿತ್ತು, ಮದರ್‌ಬೋರ್ಡಿನ ಮೇಲಿರುವ ನಾಣ್ಯದಾಕಾರದ ಸೆಲ್ಲನ್ನು ಕೆಲವು ನಿಮಿಷ ತೆಗೆದಿಟ್ಟು ಹಾಕಿದರೆ ಬಯೋಸ್ ತನ್ನ ಮೊದಲ ಸ್ಥಿತಿಗೆ ಬರುತ್ತದೆ.

ಯಂತ್ರ ನಡೆಯುತ್ತಿದ್ದು ನಡುನಡುವೆ ತಪ್ಪುತ್ತಿದ್ದರೂ ಮೊದಲು ಮೂಲವೇಗಕ್ಕೇ ಮರಳಬೇಕು. ಅಲ್ಲಿ ಮೆಮ್‌ಟೆಸ್ಟ್86 ಪ್ಲಸ್ ಎಂಬ ಉಚಿತ ಪರೀಕ್ಷಕವನ್ನು ಪೆನ್‌ಡ್ರೈವಿನಿಂದ ಪ್ರಾರಂಭಿಸಿ ರಾತ್ರಿಯಿಡೀ ಓಡಿಸಬೇಕು. ಇದು ವಿಂಡೋಸಿನ ಹೊರಗೆ ನಿಂತು ನೆನಪಿನ ಮನೆಮನೆಗೂ ಬರೆದು, ಮತ್ತೆ ಓದಿ, ತಾಳೆ ನೋಡುತ್ತದೆ. ಒಂದೇ ತಪ್ಪು ಕಂಡರೂ ನಪಾಸು. ಇಲ್ಲಿ ಶೇಕಡಾ ಮೂವತ್ತೈದರ ಲೆಕ್ಕವಿಲ್ಲ. ಮೂಲವೇಗದಲ್ಲಿಯೇ ತಪ್ಪು ಬಂದರೆ ದೋಷ ವೇಗದ್ದಲ್ಲ. ಆಗ ರ‍್ಯಾಮ್ ಪಟ್ಟಿಗಳನ್ನು ಒಂದೊಂದಾಗಿ ಒಂದೇ ಸ್ಲಾಟಿನಲ್ಲಿ ಇಟ್ಟು ಪರೀಕ್ಷಿಸಬೇಕು. ಅನಂತರ ಸರಿಯಾದ ಪಟ್ಟಿಯನ್ನು ಬೇರೆ ಬೇರೆ ಸ್ಲಾಟಿಗೆ ಹಾಕಿ ನೋಡಿದರೆ ಕುಂದು ಪಟ್ಟಿಯದೋ ಸ್ಲಾಟಿನದೋ ತಿಳಿಯುತ್ತದೆ. ಲಿನಕ್ಸ್ ವ್ಯವಸ್ಥೆಯನ್ನು ಕಟ್ಟಿದ ಲೈನಸ್ ಟೊರ್ವಾಲ್ಡ್ಸ್ ಅವರೂ 2022ರಲ್ಲಿ ತಮ್ಮ ಯಂತ್ರ ತಪ್ಪತೊಡಗಿದಾಗ ಮೊದಲು ತಂತ್ರಾಂಶವನ್ನೇ ಶಂಕಿಸಿದ್ದರು. ಕೊನೆಗೆ ಸಿಕ್ಕಿದ್ದು ಕೆಟ್ಟ ನೆನಪಿನ ಪಟ್ಟಿ. ನಾನು ಕರೆಂಟನ್ನು ಬೈದದ್ದಕ್ಕೆ ಇದರಿಂದ ಸ್ವಲ್ಪ ಸಮಾಧಾನವಾಯಿತು.

ಮೂಲವೇಗ ಶುದ್ಧವೆಂದು ಖಚಿತವಾದ ಮೇಲೆಯೇ ಏರಬೇಕು. ತಯಾರಕರು ಪಟ್ಟಿಯಲ್ಲಿಯೇ ಬರೆದಿಟ್ಟ ಎಕ್ಸ್‌ಎಂಪಿ ಎಂಬ ಹೊಂದಿಕೆಯನ್ನು ಬಯೋಸಿನಲ್ಲಿ ಆರಿಸಬಹುದು. ಆದರೆ ಒಂದು ಮಾತು: 3600 ಎಂಬುದು ಪಟ್ಟಿ ಕೊಟ್ಟ ಭರವಸೆ, ಪ್ರೊಸೆಸರ್ ಮತ್ತು ಮದರ್‌ಬೋರ್ಡ್ ಕೊಟ್ಟದ್ದಲ್ಲ. ಎತ್ತು ಬಲವಾಗಿದ್ದರೆ ಸಾಲದು, ನೊಗವೂ ಗಾಲಿಯೂ ತಾಳಬೇಕು. ತಪ್ಪು ಬಂದರೆ ವೇಗವನ್ನು ಒಂದು ಮೆಟ್ಟಿಲು ಇಳಿಸಬೇಕು, ಇಲ್ಲವೇ ಕಾಯುವ ಅವಧಿಯನ್ನು ತುಸು ಹೆಚ್ಚಿಸಬೇಕು. ಡಿಡಿಆರ್4ರ ಪ್ರಮಾಣಿತ ವಿದ್ಯುತ್ತು 1.2 ವೋಲ್ಟ್, ವೇಗದ ಪಟ್ಟಿಗಳಿಗೆ ಸಾಮಾನ್ಯವಾಗಿ 1.35. ತಯಾರಕರು ಹೇಳಿದ್ದನ್ನು ಮೀರಿ ಏರಿಸುತ್ತ ಹೋಗುವುದು ಕಾವನ್ನು ಹೆಚ್ಚಿಸಿಕೊಂಡಂತೆ. ಬೇರೆ ಬೇರೆ ಸಲ ಕೊಂಡ ಪಟ್ಟಿಗಳನ್ನು ಬೆರೆಸಿದರೆ, ನಾಲ್ಕೂ ಸ್ಲಾಟು ತುಂಬಿದರೆ, ಮೇಲಿನ ವೇಗ ದಕ್ಕುವುದು ಕಷ್ಟ.

ನನ್ನ ಯಂತ್ರ 3600ರಲ್ಲಿ ರಾತ್ರಿಯ ಪರೀಕ್ಷೆಯನ್ನು ದಾಟಿತು. ಏಪ್ರಿಲ್ ತಿಂಗಳ ಮಧ್ಯಾಹ್ನ ಮೂರು ಗಂಟೆಗೆ ಮತ್ತೆ ಹಚ್ಚಿದಾಗ ಎರಡು ತಪ್ಪುಗಳು ಬಂದವು. ಕಾವು ಹೆಚ್ಚಿದಂತೆ ಆ ಸಣ್ಣ ಕೋಶಗಳು ಬೇಗ ಸೋರುತ್ತವೆ. ಆದುದರಿಂದ ನಮ್ಮ ಸೀಮೆಯಲ್ಲಿ ಬೇಸಿಗೆಯ ಹಗಲಿನ ಪರೀಕ್ಷೆಯೇ ಪರೀಕ್ಷೆ. 3200ಕ್ಕೆ ಇಳಿಸಿ ಹಗಲೂ ರಾತ್ರಿಯೂ ಓಡಿಸಿದೆ; ಒಂದೂ ತಪ್ಪಿಲ್ಲ. ಪದಕೋಶ ಬರೆಯುವ ನನ್ನ ಬೆರಳಿಗೆ 3800ಕ್ಕೂ 3200ಕ್ಕೂ ಭೇದವೇ ತಿಳಿಯಲಿಲ್ಲ. ಆಟ ಆಡುವ ತರುಣರಿಗೆ ತಿಳಿದೀತು. ಅವರು ಏರಿಸಿಕೊಳ್ಳಲಿ, ಪರೀಕ್ಷಿಸಿ ಏರಿಸಿಕೊಳ್ಳಲಿ. ಯಂತ್ರ ಹೊತ್ತಿಕೊಂಡಿತು ಎಂಬುದು ಅದು ಸರಿಯಾಗಿ ನೆನಪಿಡುತ್ತದೆ ಎಂಬುದಕ್ಕೆ ಪ್ರಮಾಣವಲ್ಲ.

ತಂಗಿಯ ಮಗ ಫೋನಿನಲ್ಲಿ, "ತಪ್ಪಾತ್ರಿ ಮಾಮಾ" ಎಂದ. ಅವನ ತಪ್ಪು ಅರ್ಧ. ಪ್ರತಿಗಳನ್ನು ತಾಳೆ ನೋಡದೆ ನಂಬಬೇಡಿರೆಂದು ಜನ್ಮವೆಲ್ಲ ಹೇಳಿದ ನನ್ನದು ಇನ್ನರ್ಧ. ಹೋದ ಹನ್ನೆರಡು ದಿನಗಳ ಪದಗಳನ್ನು ನೋಟುಬುಕ್ಕಿನಿಂದ ಮತ್ತೆ ಏರಿಸಿದ್ದೇನೆ. ಕೂರಿಗೆಯ ಭಾಗಗಳ ಎರಡು ಹೆಸರುಗಳನ್ನು ಮಾತ್ರ ನೇರವಾಗಿ ಯಂತ್ರದಲ್ಲಿಯೇ ಬರೆದಿದ್ದೆ, ಅವು ನೋಟುಬುಕ್ಕಿನಲ್ಲಿಲ್ಲ. ಹೇಳಿದ ಮುದುಕರು ಸುಗ್ಗಿಗೆ ಮೊದಲೇ ತೀರಿಕೊಂಡರು. ಆ ಎರಡು ಸಾಲುಗಳನ್ನು ಖಾಲಿ ಬಿಟ್ಟಿದ್ದೇನೆ.