ಬೆವರದ ಪ್ರಾಣಿಯ ಬೇಸಿಗೆ

ಗುಂಡ್ಲುಪೇಟೆ ದಾಟಿ ಊಟಿ ರಸ್ತೆ ಹಿಡಿದರೆ ಸಿಗುವ ಬಂಡೀಪುರದ ಕಾಡು ಮಾರ್ಚ್ ಮುಗಿಯುವಷ್ಟರಲ್ಲಿ ಬೋಳಾಗಿರುತ್ತದೆ. ಪಶ್ಚಿಮಘಟ್ಟದ ಮಳೆನೆರಳಿನ ಸೀಮೆಯಿದು. ತೇಗ, ಮತ್ತಿ, ದಿಂಡಿಗ ಎಲ್ಲವೂ ಎಲೆ ಉದುರಿಸಿ ನಿಂತಾಗ ನೆರಳೆಂಬುದು ಹಳ್ಳದ ದಂಡೆಯಲ್ಲಿ ಅಷ್ಟಿಷ್ಟು ಉಳಿದಿರುತ್ತದೆ. ಈ ಬಿಸಿಲಲ್ಲಿ ಮೂರು ನಾಲ್ಕು ಟನ್ ತೂಗುವ ಆನೆ ಬದುಕಬೇಕು. ಅದೂ ಬೆವರದೆ! ಉಗುರುಗಳ ಆಸುಪಾಸಿನಲ್ಲಿ ಒಂದಷ್ಟು ಬೆವರುಗ್ರಂಥಿಗಳಿರುವುದನ್ನು ಬಿಟ್ಟರೆ ಆನೆಯ ಮೈಯಲ್ಲಿ ಬೇರೆಲ್ಲೂ ಬೆವರಿಲ್ಲ.

ದೇಹ ದೊಡ್ಡದಾದಷ್ಟೂ ತೊಂದರೆ ಹೆಚ್ಚು. ಶಾಖ ಹುಟ್ಟುವುದು ಒಳಗಿನ ಮಾಂಸಖಂಡದಲ್ಲಿ, ಹೊರಹೋಗಬೇಕಾದದ್ದು ಚರ್ಮದ ಮೂಲಕ. ಗಾತ್ರ ಬೆಳೆದಂತೆ ಒಳಗಿನ ರಾಶಿ ಬೆಳೆಯುವಷ್ಟು ವೇಗದಲ್ಲಿ ಚರ್ಮದ ಹರಹು ಬೆಳೆಯುವುದಿಲ್ಲ. ಹಾಗಾಗಿ ಸುಡುಬಿಸಿಲಲ್ಲಿ ನಿಲ್ಲದೆ ನಡೆಯುವ ಆನೆಯೊಳಗೆ ಹುಟ್ಟಿದ ಶಾಖದ ಬಹುಪಾಲು ಅಲ್ಲೇ ಉಳಿದುಬಿಡುತ್ತದೆ.

ಹೊರಹಾಕುವ ಮೊದಲ ದಾರಿ ಕಿವಿ. ಬಂಡೀಪುರದ ಅಂಚಿನ ರಾಂಪುರ ಶಿಬಿರದಲ್ಲೋ ಬಿಳಿಗಿರಿರಂಗನ ಬೆಟ್ಟದ ಕೆ. ಗುಡಿಯಲ್ಲೋ ಸಾಕಾನೆಯನ್ನು ಹತ್ತಿರದಿಂದ ಕಂಡವರು ಕಿವಿಯ ಹಿಂಬದಿಯನ್ನು ಗಮನಿಸಿರಬಹುದು. ತೆಳುವಾದ ಚರ್ಮದಡಿ ರಕ್ತನಾಳಗಳು ಕವಲೊಡೆದು ಹರಡಿರುತ್ತವೆ. ಸೆಕೆ ಏರಿದಾಗ ಅವು ಹಿಗ್ಗುತ್ತವೆ. ಆನೆ ಕಿವಿ ಬೀಸಿದಾಗ ಅವುಗಳಲ್ಲಿ ಹರಿಯುವ ಬಿಸಿ ರಕ್ತ ತಣಿದು ದೇಹಕ್ಕೆ ಮರಳುತ್ತದೆ. ಆದರೆ ನಮ್ಮ ಆನೆಯ ಕಿವಿ ಆಫ್ರಿಕಾದ ಆನೆಯ ಕಿವಿಯಷ್ಟು ಅಗಲವಿಲ್ಲ. ಜೊತೆಗೆ, ಗಾಳಿ ಚರ್ಮಕ್ಕಿಂತ ತಣ್ಣಗಿದ್ದರೆ ಮಾತ್ರ ಈ ಉಪಾಯ ನಡೆಯುತ್ತದೆ. ಗಾಳಿಯೇ ಕಾದಿದ್ದರೆ ಒಣ ಕಿವಿಯನ್ನು ಎಷ್ಟು ಬೀಸಿದರೂ ಶಾಖ ಒಳಕ್ಕೇ ಬರುತ್ತದೆ.

ಆಗ ನೀರು ಬೇಕು. ಒಂದು ಲೀಟರ್ ನೀರು ಚರ್ಮದ ಮೇಲಿಂದ ಆವಿಯಾಗಿ ಹೋಗುವಾಗ ಸುಮಾರು 580 ಕಿಲೋ ಕ್ಯಾಲರಿ ಶಾಖವನ್ನು ಹೊತ್ತೊಯ್ಯುತ್ತದೆ. ಹತ್ತು ಲೀಟರ್ ನೀರನ್ನು 20 ಡಿಗ್ರಿಯಿಂದ 78 ಡಿಗ್ರಿಗೆ ಕಾಯಿಸುವಷ್ಟು ಶಾಖ ಅದು! ನಾವು ಆ ನೀರನ್ನು ಬೆವರಾಗಿ ಒಳಗಿಂದ ತರುತ್ತೇವೆ, ಆನೆ ಹೊರಗಿಂದ ಸುರಿದುಕೊಳ್ಳುತ್ತದೆ. ಕೆರೆಯಲ್ಲಿ ಹೊರಳಿ ಮೇಲೆದ್ದು ಮೈಗೆ ಕೆಸರು ಬಳಿದುಕೊಂಡು, ಅದರ ಮೇಲೆ ಧೂಳು ಎರಚಿಕೊಳ್ಳುತ್ತದೆ. ಸುಕ್ಕು ಸುಕ್ಕಾದ ಚರ್ಮ ನೀರನ್ನೂ ಕೆಸರನ್ನೂ ಹಿಡಿದಿಟ್ಟು ನಿಧಾನವಾಗಿ ಆರಗೊಡುತ್ತದೆ. ಆಫ್ರಿಕಾದ ಆನೆಯ ಚರ್ಮದ ಬಿರುಕುಗಳು ನುಣುಪು ಚರ್ಮಕ್ಕಿಂತ ಐದರಿಂದ ಹತ್ತು ಪಟ್ಟು ಹೆಚ್ಚು ನೀರು ಹಿಡಿಯುತ್ತವೆಂದು 2018ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು. ನಮ್ಮ ಆನೆಯ ಸುಕ್ಕು ಅಷ್ಟು ಆಳವಲ್ಲದಿದ್ದರೂ ಕೆಲಸ ಅದೇ.

ಸುತ್ತ ನೀರಿಲ್ಲದಾಗ ಆನೆ ಮಾಡುವ ಕೆಲಸವಂತೂ ಬೆರಗು ಹುಟ್ಟಿಸುತ್ತದೆ. ಸೊಂಡಿಲನ್ನು ಬಾಯೊಳಗೆ ಆಳಕ್ಕೆ ತೂರಿಸಿ, ಗಂಟಲಲ್ಲಿ ಕೂಡಿಟ್ಟ ನೀರನ್ನು ಹೀರಿ ತೆಗೆದು, ಕಿವಿಯ ಹಿಂದಕ್ಕೂ ಪಕ್ಕೆಗೂ ಚಿಮುಕಿಸಿಕೊಳ್ಳುತ್ತದೆ.

ಇಷ್ಟೆಲ್ಲ ಮಾಡಿಯೂ ಉಳಿದ ಶಾಖವನ್ನು ಆನೆ ಸಾಲದಂತೆ ಹೊತ್ತು, ರಾತ್ರಿ ತಂಪಾದ ಮೇಲೆ ತೀರಿಸುತ್ತದೆ. ಥಾಯ್ಲೆಂಡಿನ ಆನೆಗಳನ್ನೂ ಜರ್ಮನಿಯ ಮ್ಯೂನಿಕ್ ಮೃಗಾಲಯದ ಆನೆಗಳನ್ನೂ ಹೋಲಿಸಿ ನೋಡಿದಾಗ, ಥಾಯ್ಲೆಂಡಿನವುಗಳ ಮೈತಾಪದ ದಿನದ ಏರಿಳಿತ ಸರಿಸುಮಾರು ಎರಡು ಪಟ್ಟಿತ್ತು. ಅದಕ್ಕೇ ಬೇಸಿಗೆಯ ರಾತ್ರಿಗಳು ಕಾವೇರುತ್ತಿರುವುದು ನನಗೆ ಹಗಲಿನ ಬಿಸಿಲಿಗಿಂತ ಹೆಚ್ಚು ದಿಗಿಲು ತರುತ್ತದೆ. ಅರಣ್ಯ ಇಲಾಖೆ ಬಂಡೀಪುರದ ಕೊಳವೆಬಾವಿಗಳಿಗೆ ಸೌರಪಂಪ್ ಕೂರಿಸಿ ಕೆರೆಕಟ್ಟೆಗಳಿಗೆ ನೀರು ಬಿಡುತ್ತಿರುವುದು ಬಹಳ ಒಳ್ಳೆಯ ಕೆಲಸ. ಆನೆಗೆ ಕುಡಿಯಲೆಂದೇ ದಿನಕ್ಕೆ ನೂರು ಲೀಟರಿಗೂ ಮೇಲೆ ಬೇಕು, ಮೈಗೆ ಬೇಕಾದದ್ದು ಬೇರೆ.

ಕಾಡಿನಂಚಿನ ಹೊಲದಲ್ಲಿ ದುಡಿಯುವವರಿಗೆ ಇಪ್ಪತ್ತರಿಂದ ನಲವತ್ತು ಲಕ್ಷ ಬೆವರುಗ್ರಂಥಿಗಳ ಭಾಗ್ಯವಿದೆ. ಮೈಮುರಿದು ದುಡಿದರೆ ಗಂಟೆಗೆ ಒಂದು ಲೀಟರ್ ಬೆವರು ಹರಿಯುವುದುಂಟು. ಅದರೊಡನೆ ಉಪ್ಪೂ ಹೋಗುತ್ತದೆ. ಬಾಯಾರಿಕೆಗೆ ಕಾಯದೆ ಆಗಾಗ ನೀರು ಕುಡಿಯಬೇಕು. ಉಪ್ಪು ಹಾಕಿದ ನೀರುಮಜ್ಜಿಗೆ, ರಾಗಿ ಅಂಬಲಿಯೂ ಆಗುತ್ತದೆ. ನಡುಮಧ್ಯಾಹ್ನ ಆನೆಯಂತೆ ನೆರಳು ಸೇರಿ, ಕೆಲಸವನ್ನು ಬೆಳಗಿನ ಜಾವಕ್ಕೂ ಇಳಿಹೊತ್ತಿಗೂ ಹಂಚಿಕೊಳ್ಳಬೇಕು. ಕೂಲಿಗೆ ಕರೆಯುವವರು ಒಪ್ಪದಿದ್ದರೆ ಇದು ಆಗದ ಮಾತು, ಹಾಗಾಗಿ ಹೊಣೆ ಅವರದೇ ಹೆಚ್ಚು. ವಯಸ್ಸಾದವರು, ಎಳೆಮಕ್ಕಳು, ಬಸುರಿಯರು, ಬಿಪಿ ಮತ್ತು ಹೃದಯದ ಮಾತ್ರೆ ನುಂಗುವವರಿಗೆ ತಾಪ ಬೇಗ ತಗಲುತ್ತದೆ.

ಮೈ ಕೆಂಡದಂತೆ ಸುಡುತ್ತ, ಮಾತು ತೊದಲಿ, ಯಾರು ಎಲ್ಲಿ ಎಂಬುದು ತಿಳಿಯದಂತಾದರೆ ಅದು ಬಿಸಿಲಾಘಾತ. ಮೈ ಒಣಗಿರಬಹುದು, ಬೆವರುತ್ತಲೂ ಇರಬಹುದು. ಏನೇ ಇರಲಿ, ಬೆವರು ಇನ್ನು ಕಾಪಾಡಲಾರದು. ಆಗ ಆನೆಯ ದಾರಿಯೇ ದಾರಿ. 108ಕ್ಕೆ ಕರೆ ಮಾಡಿ, ನೆರಳಿಗೆ ಎಳೆದು, ಬಿಗಿಯಾದ ಬಟ್ಟೆ ಸಡಿಲಿಸಿ ಮೈತುಂಬ ನೀರು ಸುರಿಯಿರಿ. ಟವೆಲ್ಲೋ ಮೊರವೋ ಹಿಡಿದು ಬಿಡದೆ ಗಾಳಿ ಬೀಸಿ. ಕುತ್ತಿಗೆ, ಕಂಕುಳು, ತೊಡೆಸಂದಿಗೆ ಒದ್ದೆಬಟ್ಟೆ ಇಡಿ. ಎಚ್ಚರವಿಲ್ಲದವರ ಬಾಯಿಗೆ ನೀರು ಬಿಡಬೇಡಿ, ಉಸಿರುನಾಳಕ್ಕೆ ಇಳಿಯುತ್ತದೆ. ಜ್ವರದ ಮಾತ್ರೆ ಇಲ್ಲಿ ಕೆಲಸ ಮಾಡುವುದಿಲ್ಲ. ಆಂಬುಲೆನ್ಸ್ ಬರುವ ತನಕ, ಬಂದ ಮೇಲೆ ಒಳಗೂ, ನೀರು ಗಾಳಿ ನಿಲ್ಲಕೂಡದು.