ಬೋಳಾದ ಇಲಿ ಹೇಳಿದ ಗುಟ್ಟು

ತಲೆಯಲ್ಲಿ ನಾಣ್ಯದಗಲ ಕೂದಲು ಉದುರಿ ಚರ್ಮ ನುಣ್ಣಗೆ ಕಂಡರೆ ‘ಹುಳು ತಿಂದಿದೆ’ ಎನ್ನುವವರುಂಟು. ಹೆಚ್ಚಾಗಿ ಅದು ಹುಳುವೂ ಅಲ್ಲ, ಅಂಟುರೋಗವೂ ಅಲ್ಲ. ರೋಗಾಣುಗಳೊಡನೆ ಹೋರಾಡಬೇಕಾದ ಬಿಳಿ ರಕ್ತಕಣಗಳೇ ಕೂದಲ ಬುಡದ ಮೇಲೆ ಎರಗುವ ಈ ತೊಂದರೆಗೆ ಅಲೊಪೇಶಿಯಾ ಏರಿಯೇಟಾ ಎಂದು ಹೆಸರು.

ಇದರ ಗುಟ್ಟು ಬಿಡಿಸಲು ನೆರವಾದದ್ದು ‘ಸಿ3ಎಚ್’ ತಳಿಯ ಇಲಿ. ಅಮೆರಿಕದ ಜಾಕ್ಸನ್ ಪ್ರಯೋಗಾಲಯದಲ್ಲಿ ಈ ತಳಿಯ ಕೆಲವು ಇಲಿಗಳಿಗೆ ವಯಸ್ಸಾದಂತೆ ತಾನಾಗಿಯೇ ರೋಮ ಉದುರುವುದು 1994ರಲ್ಲಿ ವರದಿಯಾಯಿತು. ಆದರೆ ಇಲಿ ಮುದಿಯಾಗಲೆಂದು ಕಾಯುತ್ತ ಕೂರಲಾದೀತೆ? ಬೋಳಾದ ಇಲಿಯ ಚರ್ಮದ ತುಣುಕನ್ನು ಅದೇ ತಳಿಯ ಆರೋಗ್ಯವಂತ ಎಳೆಯ ಇಲಿಗೆ ಕಸಿ ಮಾಡಿ ನೋಡಿದರು. ಎರಡು ಮೂರು ತಿಂಗಳಲ್ಲಿ ಅದರ ರೋಮವೂ ಉದುರತೊಡಗಿತು! ಪಕ್ಕದಲ್ಲಿ ಮಲಗಿದ್ದರಿಂದ ಅಂಟಿದ್ದಲ್ಲ. ಚರ್ಮದ ಜತೆ ದಾಳಿಕೋರ ಕಣಗಳೂ ಬಂದಿದ್ದವು.

2014ರಲ್ಲಿ ಕೊಲಂಬಿಯಾ ವಿಶ್ವವಿದ್ಯಾಲಯದ ಸಂಶೋಧಕರು ಒಂದು ಬಗೆಯ ಟಿ-ಕೋಶಗಳನ್ನಷ್ಟೇ ಚುಚ್ಚಿದರೂ ಇಲಿಗೆ ರೋಗ ಬರುತ್ತದೆಂದು ತೋರಿಸಿದರು. ಆ ಕೋಶಗಳನ್ನು ಕೆರಳಿಸುವ ಸಂದೇಶ ಒಯ್ಯುವ ‘ಜಾಕ್’ ಕಿಣ್ವಗಳನ್ನು ತಡೆದಾಗ ರೋಮ ಮರಳಿತು. ಅದೇ ವರ್ಗದ ಬ್ಯಾರಿಸಿಟಿನಿಬ್ ಮಾತ್ರೆಗೆ 2022ರಲ್ಲಿ ಅಮೆರಿಕದಲ್ಲಿ, ರೋಗ ತೀವ್ರವಾಗಿರುವ ವಯಸ್ಕರಿಗೆಂದು, ಅನುಮತಿ ದೊರೆಯಿತು. ಮಾತ್ರೆ ನಿಲ್ಲಿಸಿದರೆ ಕೂದಲು ಮತ್ತೆ ಉದುರಬಹುದು. ಸೋಂಕಿನ ಭಯವೂ ಉಂಟು. ಮಕ್ಕಳ ತಲೆಯ ಒಂದೆರಡು ಸಣ್ಣ ಬೋಳುಗಳಿಗೆ ಇಷ್ಟು ದೊಡ್ಡ ಮದ್ದು ಬೇಕಿಲ್ಲ. ಎಷ್ಟೋ ವೇಳೆ ಅವು ವರ್ಷದೊಳಗೆ ತಾವಾಗಿಯೇ ತುಂಬಿಕೊಳ್ಳುತ್ತವೆ.