ನೂರು ಸಿಸಿಯ ಸವಾರಿಸುಖ

ಶ್ರೀನಿವಾಸಪುರ ತಾಲ್ಲೂಕಿನಲ್ಲಿ ಆಂಧ್ರದ ಗಡಿಗೆ ಅಂಟಿಕೊಂಡಿರುವ ಹೋಬಳಿ ರಾಯಲ್ಪಾಡು. ಮಾವಿನ ಸೀಮೆಯ ಇಂತಹ ಏರುತಗ್ಗಿನ ಹಾದಿಗಳಿಗೆ ಸಣ್ಣ ಎಂಜಿನ್ನಿನ ಬೈಕು ಹೇಳಿ ಮಾಡಿಸಿದ ವಾಹನ. ದೊಡ್ಡ ಬೈಕಿನ ಸವಾರ ಇಲ್ಲಿ ಎಂಜಿನ್ನಿನ ಅರ್ಧ ಶಕ್ತಿಯನ್ನೂ ಬಳಸಲಾರ. ಸಣ್ಣ ಬೈಕಿನವನಾದರೋ ಏರು ಕಂಡೊಡನೆ ವೇಗ ಕೂಡಿಸಿಕೊಳ್ಳಬೇಕು, ಎಂಜಿನ್ನು ಏದುಸಿರು ಬಿಡುವ ಮುನ್ನ ಮೂರನೇ ಗೇರಿಗೆ ಇಳಿಯಬೇಕು. ಗಂಟೆಗೆ 50 ಕಿ.ಮೀ. ವೇಗದಲ್ಲೇ ಯಂತ್ರ, ಸವಾರ ಇಬ್ಬರಿಗೂ ಕೈತುಂಬ ಕೆಲಸ. ಸುಖವಿರುವುದೇ ಅಲ್ಲಿ.

1980ರಲ್ಲಿ ನೆರೆಯ ಹೊಸೂರಿನಿಂದ ಟಿವಿಎಸ್ 50 ಬಂದಿತು. 1985ರಲ್ಲಿ ಬಂದ ಹೀರೋ ಹೋಂಡಾ ಸಿಡಿ 100 ಲೆಕ್ಕಾಚಾರವನ್ನೇ ಬದಲಿಸಿತು. ಟೂ ಸ್ಟ್ರೋಕ್ ಎಂಜಿನ್ನಿನಲ್ಲಿ ಉರಿಯದ ಪೆಟ್ರೋಲಿನ ಒಂದಂಶ ಹೊಗೆಯೊಡನೆ ಹೊರಬೀಳುತ್ತದೆ. ಫೋರ್ ಸ್ಟ್ರೋಕಿನಲ್ಲಿ ಈ ಸೋರಿಕೆ ಅತ್ಯಲ್ಪ. ಮೈಲೇಜ್ ಎಂಬ ಪದ ಮನೆಮಾತಾದದ್ದು ಆನಂತರವೇ ಎನ್ನಬಹುದು. 2013ರಲ್ಲಿ ಕೋಲಾರದ ನರಸಾಪುರದಲ್ಲೇ ಹೋಂಡಾ ಕಾರ್ಖಾನೆ ಆರಂಭವಾಯಿತು.

ಈ ಸುಖಕ್ಕೆ ಕುತ್ತು ಬಂದದ್ದು 2017ರ ಅಕ್ಟೋಬರಿನಲ್ಲಿ. 100 ಸಿಸಿಗಿಂತ ಕಡಿಮೆ ಸಾಮರ್ಥ್ಯದ ಹೊಸ ವಾಹನಗಳಲ್ಲಿ ಹಿಂಬದಿ ಸವಾರಿ ನಿಷೇಧಿಸುವ ಹಳೆಯ ನಿಯಮವನ್ನು ಜಾರಿಗೆ ತರಲು ರಾಜ್ಯ ಸಾರಿಗೆ ಇಲಾಖೆ ಮುಂದಾಯಿತು. ತೊಡಕಿದ್ದುದು ಅಂಕಿಯಲ್ಲಿ. ಜನ 'ನೂರು ಸಿಸಿ' ಎನ್ನುವ ಸ್ಪ್ಲೆಂಡರ್ 97.2 ಸಿಸಿಯದು, ಟಿವಿಎಸ್ ಎಕ್ಸ್ಎಲ್ 100 ಕೂಡ 99.7 ಸಿಸಿ ಮಾತ್ರ! ಬಸ್ಸು ಅಪರೂಪವಾದ ಹಳ್ಳಿಗಳಲ್ಲಿ ಹೆಂಡತಿಯನ್ನು ಆಸ್ಪತ್ರೆಗೆ, ಮಗಳನ್ನು ಶಾಲೆಗೆ ಕರೆದೊಯ್ಯುವುದು ಇದೇ ಹಿಂದಿನ ಸೀಟು. ಇಂದಿಗೂ ಸ್ಪ್ಲೆಂಡರ್ ಜೋಡಿ ಆಸನದೊಂದಿಗೇ ಮಾರಾಟವಾಗುತ್ತಿದೆ.